ಪರೇಲಿನ ಆಸ್ಪತ್ರೆ, ಕಲೀನಾದ ಕೋಣೆ

ನಮ್ಮ ಕರಾವಳಿಯವರಿಗೆ ಮುಂಬಯಿ ಎಂದರೆ ಹೋಟೆಲು, ಬ್ಯಾಂಕು, ಕನ್ನಡ ರಾತ್ರಿಶಾಲೆ. ಈ ಕಥೆಗಳನ್ನು ಊರಿನವರು ಬೇಕಾದಷ್ಟು ಕೇಳಿದ್ದೀರಿ. ಆದರೆ ಕಾಯಿಲೆ ಹೊತ್ತುಕೊಂಡು ಬಂದವರ ಮುಂಬಯಿ ಇನ್ನೊಂದಿದೆ. ಅದರ ಹೆಸರು ಪರೇಲು.

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಹಿಂದೆ ಒಂದು ಮನೆಯ ದುಃಖವಿದೆ. ಸರ್ ದೊರಾಬ್ಜಿ ಟಾಟಾ ಅವರ ಪತ್ನಿ ಮೆಹರ್‌ಬಾಯಿ 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೊರಾಬ್ಜಿಯವರೂ ಹೋದರು. ಅವರು ಬಿಟ್ಟುಹೋದ ಟ್ರಸ್ಟಿನ ಹಣದಿಂದ 1941ರ ಫೆಬ್ರವರಿ 28ರಂದು ಈ ಆಸ್ಪತ್ರೆ ಬಾಗಿಲು ತೆರೆಯಿತು. 1957ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಅದನ್ನು ವಹಿಸಿಕೊಂಡಿತು. 1962ರಲ್ಲಿ ಅದು ಅಣುಶಕ್ತಿ ಇಲಾಖೆಗೆ ಸೇರಿತು. ಅದರ ಮುಂದಿನ ರಸ್ತೆಗೆ ಡಾ. ಅರ್ನೆಸ್ಟ್ ಬೋರ್ಜಿಸ್ ಅವರ ಹೆಸರಿದೆ. ಗೋವಾ ಮೂಲದ ಈ ಕ್ರೈಸ್ತ ಶಸ್ತ್ರವೈದ್ಯರು ಅಲ್ಲೇ ದುಡಿದವರು.

ಆದರೆ ಮೆಹರ್‌ಬಾಯಿಯವರಿಗೆ ಬಂದ ಕಾಯಿಲೆಗೆ ಆಸ್ಪತ್ರೆ ತೆರೆದ ಕಾಲದಲ್ಲೂ ಮದ್ದಿರಲಿಲ್ಲ. 1948ರಲ್ಲಿ ಅಮೆರಿಕದ ಸಿಡ್ನಿ ಫಾರ್ಬರ್, ಔಷಧದಿಂದ ಮಕ್ಕಳ ಲುಕೇಮಿಯವನ್ನು ಸ್ವಲ್ಪ ಕಾಲವಾದರೂ ಹಿಂದೆ ಸರಿಸಬಹುದೆಂದು ತೋರಿಸಿಕೊಟ್ಟರು. ನಮ್ಮ ದೇಶದಲ್ಲಿ 1984ರ ಸುಮಾರಿಗೆ ಮುಂಬಯಿ, ಮದರಾಸು, ದೆಹಲಿಯ ವೈದ್ಯರು ಸೇರಿ 'ಎಂಸಿಪಿ 841' ಎಂಬ ಚಿಕಿತ್ಸಾಕ್ರಮ ಶುರುಮಾಡಿದರು. ಗುಣವಾಗುವ ಮಕ್ಕಳ ಪ್ರಮಾಣ ಏರಿತು. ಆದರೆ ಒಂದು ಷರತ್ತು: ಸುಮಾರು ಎರಡು ವರ್ಷ ನಾಗಾ ಹಾಕದೆ ಚಿಕಿತ್ಸೆ ಪಡೆಯಬೇಕು.

ದೂರದೂರಿನ ಬಡವರಿಗೆ ಕಷ್ಟವಾದದ್ದು ಇದೇ ಷರತ್ತು. 1994ರಲ್ಲಿ ಶಿರ್ವದ ಕಡೆಯ ಒಂದು ಕ್ರೈಸ್ತ ಕುಟುಂಬ ಅದನ್ನು ಹೇಗೆ ಪಾಲಿಸಿತೆಂದು ನಾನು ಹತ್ತಿರದಿಂದ ಕಂಡೆ. ಹುಡುಗನಿಗೆ ಹದಿನೈದು ವರ್ಷ, ಎಸ್ಸೆಸ್ಸೆಲ್ಸಿ. ಬೆಂಗಳೂರಿನಲ್ಲಿ 1973ರಿಂದಲೇ ಕಿದ್ವಾಯಿ ಆಸ್ಪತ್ರೆ ಇತ್ತು. ಆದರೆ ಬೆಂಗಳೂರಿನಲ್ಲಿ ಇವರಿಗೆ ಯಾರೂ ಇರಲಿಲ್ಲ. ಕಲೀನಾದಲ್ಲಿ ಸೋದರಮಾವ ಇದ್ದ. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಹಾಗಾಗಿ ತಾಯಿ, ಮಗ, ಮಗಳು ಬಸ್ಸಿನಲ್ಲಿ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಕೂತು ಬಂದಿಳಿದರು.

ತಂದೆ ಬರುವಂತಿರಲಿಲ್ಲ. ಮನೆ ನಡೆಯುತ್ತಿದ್ದದ್ದೇ ಶಂಕರಪುರ ಮಲ್ಲಿಗೆಯಿಂದ. ಮೊಗ್ಗು ದಿನಾ ಕೊಯ್ಯಲೇಬೇಕು. ತಿಂಗಳಿಗೊಂದು ಡ್ರಾಫ್ಟು ನಮ್ಮ ಶಾಖೆಗೆ ಬರುತ್ತಿತ್ತು. ಮದುವೆಯ ಸೀಸನ್ನಿನಲ್ಲಿ ಅಟ್ಟೆಯ ಬೆಲೆ ಏರಿದರೆ ಮೊತ್ತವೂ ಏರುವುದು, ಮಳೆಗಾಲದಲ್ಲಿ ಇಳಿಯುವುದು. ಕಡಿಮೆಬಿದ್ದದ್ದಕ್ಕೆ ಊರಿನ ಇಗರ್ಜಿಯ ವಾಡೆಯವರು ಕೈಜೋಡಿಸುತ್ತಿದ್ದರು.

ಸೋದರಮಾವನ ಎರಡು ಕೋಣೆಯ ಮನೆಯಲ್ಲಿ ಒಂದನ್ನು ಹುಡುಗನಿಗೇ ಬಿಟ್ಟರು. ಮದ್ದಿನಿಂದ ರಕ್ತದ ಬಿಳಿಕಣಗಳು ಇಳಿದಾಗ ಸೋಂಕಿನ ಭಯ. ಗುಂಪಿಗೆ ಹೋಗುವಂತಿಲ್ಲ, ಇಗರ್ಜಿಗೂ ಇಲ್ಲ. ಫಾದರ್ ಮನೆಗೇ ಪರಮಪ್ರಸಾದ ತಂದುಕೊಡುತ್ತಿದ್ದರು. ಪ್ಲೇಟ್‌ಲೆಟ್ ಬೇಕಾದಾಗ ಆ ಇಗರ್ಜಿಯ ಹುಡುಗರು ಸರದಿಯಲ್ಲಿ ಬರುತ್ತಿದ್ದರು. ಅಕ್ಕ ಬಿ.ಕಾಂ. ನಿಲ್ಲಿಸಿ ತಮ್ಮನಿಗೆ ಗಣಿತ ಹೇಳಿಕೊಟ್ಟಳು. ಸಂಜೆಯ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಒಂದು ದಿನವೂ ತಪ್ಪಲಿಲ್ಲ. ಹುಡುಗ ಮಾತ್ರ ಕೆಲವು ದಿನ ಗೋಡೆಗೆ ಮುಖಮಾಡಿ ಮಲಗಿರುತ್ತಿದ್ದ. ಕೂದಲುದುರಿದ ತಲೆ ಯಾರಿಗೂ ಕಾಣಬಾರದೆಂದು ಅವನ ಹಟ. ಯಾರೂ ಬಲವಂತ ಮಾಡುತ್ತಿರಲಿಲ್ಲ.

ತಾಯಿ ಬುಧವಾರ ಮಾಹಿಮಿನ ನೊವೆನಾಕ್ಕೆ ಒಬ್ಬರೇ ಹೋಗುತ್ತಿದ್ದರು. "ಬಾಯಮ್ಮ, ಆಸ್ಪತ್ರೆ ಮೇಲೆ ನಂಬಿಕೆಯೋ, ನೊವೆನಾ ಮೇಲೋ?" ಎಂದು ಒಮ್ಮೆ ಕೇಳಿದೆ. "ಮದ್ದು ಕಂಡುಹಿಡಿಯುವ ಬುದ್ಧಿ ಕೊಟ್ಟದ್ದೂ ದೇವರೇ ಅಲ್ವಾ ಮಾರಾಯ್ರೆ? ಎರಡರಲ್ಲಿ ಒಂದನ್ನು ಯಾಕೆ ಬಿಡಬೇಕು?" ಅಂದರು.

ಎರಡು ವರ್ಷ ಮುಗಿಯಿತು, ನಾಗಾ ಇಲ್ಲದೆ. ಹುಡುಗ ಉಳಿದ. ಅಕ್ಕನ ಪದವಿ ಮಾತ್ರ ಅರ್ಧಕ್ಕೇ ನಿಂತಿತು. ಆ ಲೆಕ್ಕವನ್ನೂ ಬರೆದಿಡಬೇಕು.

ಕಲೀನಾದಲ್ಲಿ ಮಾವನಿಲ್ಲದವರು ಏನು ಮಾಡುತ್ತಿದ್ದರು? ದಾದರಿನ ಗಾಡಗೆ ಮಹಾರಾಜ್ ಧರ್ಮಶಾಲೆ ಎಷ್ಟೋ ಮಂದಿಗೆ ಆಸರೆಯಾಗಿದೆ. ಅಲ್ಲಿ ಜಾಗ ಸಿಗದವರು ಆಸ್ಪತ್ರೆಯ ಎದುರಿನ ಫುಟ್‌ಪಾತಿನಲ್ಲಿ ಮಲಗುತ್ತಿದ್ದರು. ಚಿಕಿತ್ಸೆ ನಡುವೆಯೇ ಬಿಟ್ಟು ಊರಿಗೆ ಮರಳಿದ ಕುಟುಂಬಗಳೂ ಇದ್ದವು. 2006ರಲ್ಲಿ ಮುಂಬಯಿಯಲ್ಲಿ ಸೇಂಟ್ ಜೂಡ್ ಸಂಸ್ಥೆ ಇಂಥ ಮಕ್ಕಳಿಗೂ ತಂದೆತಾಯಿಗಳಿಗೂ ಉಚಿತ ವಸತಿ ಆರಂಭಿಸಿತು. ಆ ಹೊತ್ತಿಗೆ ಆಸ್ಪತ್ರೆಗೆ ಅರವತ್ತೈದು ವರ್ಷ.

ಆಸ್ಪತ್ರೆಯ ಇತಿಹಾಸದಲ್ಲಿ ದಾನಿಗಳ, ವೈದ್ಯರ ಹೆಸರಿರುತ್ತದೆ, ಇರಬೇಕಾದ್ದೇ. ಆದರೆ ಹೊರನಾಡಿನ ನಮ್ಮ ಇತಿಹಾಸ ಬರೆಯುವಾಗ, ಇದ್ದ ಎರಡು ಕೋಣೆಯಲ್ಲಿ ಒಂದನ್ನು ಬಿಟ್ಟುಕೊಟ್ಟವರನ್ನೂ ಸೇರಿಸಿಕೊಳ್ಳೋಣ. ಮದ್ದು ಪರೇಲಿನಲ್ಲಿತ್ತು, ಅದು ಪೂರ್ತಿಯಾಗಿ ಸಿಕ್ಕಿದ್ದು ಆ ಕೋಣೆಯಿಂದ.