ಬೆಟ್ಟದ ಮೆಟ್ಟಿಲು ಗದ್ದೆಗೆ ವಯಸ್ಸೆಷ್ಟು?

ಫಿಲಿಪ್ಪೀನ್ಸ್ ದೇಶದ ಲೂಜಾನ್ ದ್ವೀಪದ ಉತ್ತರ ಭಾಗದ ಬೆಟ್ಟಗಳಲ್ಲಿ ಇಫುಗಾವೊ ಎಂಬ ಜನ ಇದ್ದಾರೆ. ಅವರ ಭತ್ತದ ಗದ್ದೆಗಳ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬಹುದು. ನಿಂತರೆ ಕಾಲು ಜಾರುವಂಥ ಇಳಿಜಾರು, ಅದರ ತುಂಬ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಪ್ರತಿ ಮೆಟ್ಟಿಲಲ್ಲೂ ನೀರು. ಕೆಳಗೆ '2000 ವರ್ಷ ಹಳೆಯದು' ಎಂಬ ಸಾಲು. ನಾವೂ ಬಹಳ ದಿನ ಅದನ್ನೇ ನಂಬಿದ್ದೆವು.

ಮೊದಲು ಈ ಗದ್ದೆ ನಿಲ್ಲುವುದು ಹೇಗೆ ಎಂದು ನೋಡೋಣ. ಕಲ್ಲು ಸಿಗುವಲ್ಲಿ ಕಲ್ಲಿನ ಗೋಡೆ, ಸಿಗದ ಕಡೆ ಮಣ್ಣಿನ ಗೋಡೆ. ಗದ್ದೆಗಳ ಮೇಲ್ಗಡೆ 'ಮುಯೊಂಗ್' ಎಂಬ ಕಾಡು. ಅದನ್ನು ಮನೆತನಗಳೇ ನೋಡಿಕೊಳ್ಳುತ್ತವೆ. ಕಾಡು ಮಳೆ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಆ ನೀರು ಕಾಲುವೆಯಲ್ಲಿ ಹರಿದು ಮೇಲಿನ ಗದ್ದೆ ತುಂಬಿಸಿ, ಅಲ್ಲಿಂದ ಕೆಳಗಿನದಕ್ಕೆ ಇಳಿಯುತ್ತದೆ. ಮೇಲಿನವನ ಗೋಡೆ ಕುಸಿದರೆ ಕೆಳಗಿನವನ ಬೆಳೆಯೂ ಹೋಯಿತು. ಹಾಗಾಗಿ ಇಲ್ಲಿ ಒಬ್ಬನೇ ಬೇಸಾಯ ಮಾಡಲಾಗದು. ಅವರ ಹಳೆಯ ಭತ್ತದ ಹೆಸರು 'ತಿನಾವೊನ್'. ವರ್ಷಕ್ಕೊಂದೇ ಬೆಳೆ.

ಇನ್ನು ವಯಸ್ಸಿನ ವಿಚಾರ. ಇಷ್ಟು ಗೋಡೆ ಕಟ್ಟಲು ಎರಡು ಮೂರು ಸಾವಿರ ವರ್ಷ ಬೇಕಾಗಿರಬೇಕು ಎಂದು ಕಳೆದ ಶತಮಾನದಲ್ಲಿ ಅಮೆರಿಕದ ವಿದ್ವಾಂಸ ಹೆನ್ರಿ ಓಟ್ಲಿ ಬೇಯರ್ ಅಂದಾಜು ಮಾಡಿದ್ದರು. ಅದು ಲೆಕ್ಕಾಚಾರವೇ ಹೊರತು ನೆಲ ಅಗೆದು ನೋಡಿದ್ದಲ್ಲ. ಆದರೂ ಆ ಮಾತು ಶಾಲೆಯ ಪಾಠ ಸೇರಿತು, ಪ್ರವಾಸಿಗರ ಬಾಯಿಗೆ ಬಂತು.

ಪುರಾತತ್ವಜ್ಞ ಸ್ಟೀಫನ್ ಅಕಬಾಡೊ ಮತ್ತು ಸಂಗಡಿಗರು ಆ ನೆಲವನ್ನೇ ಅಗೆದು, ಮಣ್ಣಿನಲ್ಲಿ ಸಿಕ್ಕ ಇದ್ದಿಲ ಚೂರುಗಳ ವಯಸ್ಸು ಪರೀಕ್ಷಿಸಿದರು. ನೀರು ನಿಲ್ಲಿಸಿ ಭತ್ತ ಬೆಳೆಯುವುದು ಅಲ್ಲಿ ಹಬ್ಬಿದ್ದು ಸುಮಾರು 400 ವರ್ಷಗಳ ಹಿಂದೆ, ಅದಕ್ಕೂ ಮೊದಲು ಅಲ್ಲಿದ್ದದ್ದು ಕೆಸುವಿನ ಗೆಡ್ಡೆ ಎಂಬುದು ಅವರ ತೀರ್ಮಾನ. ಎಲ್ಲರೂ ಇದನ್ನು ಒಪ್ಪಿಲ್ಲ.

400 ವರ್ಷಗಳ ಹಿಂದೆ ಏನಾಗಿತ್ತು? 1565ರಲ್ಲಿ ಸ್ಪೇನ್ ಫಿಲಿಪ್ಪೀನ್ಸ್‌ನಲ್ಲಿ ನೆಲೆಯೂರಿತು. ಮುಂದೆ ಅದರ ಸೈನ್ಯ, ಪಾದ್ರಿಗಳು ಲೂಜಾನಿನ ಕಣಿವೆಗಳಿಗೂ ಬಂದರು. ಅವರ ಕೈಗೆ ಸಿಗಬಾರದೆಂದು ಜನ ಬೆಟ್ಟ ಹತ್ತಿದರು, ಅಷ್ಟೂ ಬಾಯಿಗೆ ಅನ್ನ ಬೇಕಾಯಿತು, ಗದ್ದೆ ಬೆಟ್ಟ ಏರಿತು ಎನ್ನುತ್ತಾರೆ ಅಕಬಾಡೊ.

ವಯಸ್ಸು ಇಳಿದರೆ ಗೌರವವೂ ಇಳಿಯುತ್ತದೆಯೇ? ನಮಗೆ ಹಾಗನ್ನಿಸುವುದಿಲ್ಲ. 2000 ವರ್ಷ ಎಂದಾಗ ಅವರು ಕಾಲ ಬದಲಾದರೂ ತಾವು ಬದಲಾಗದ ಜನರಂತೆ ಕಾಣುತ್ತಾರೆ. 400 ವರ್ಷ ಎಂದಾಗ, ಆಳಲು ಬಂದವರಿಗೆ ಬಗ್ಗದೆ ಕೆಲವೇ ತಲೆಮಾರುಗಳಲ್ಲಿ ಬೆಟ್ಟವನ್ನೇ ಗದ್ದೆ ಮಾಡಿದ ರೈತರು ಕಾಣುತ್ತಾರೆ.

ಈ ಗದ್ದೆಗಳಲ್ಲಿ ಐದು ಗುಂಪುಗಳು 1995ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. 2001ರಲ್ಲಿ ಅಪಾಯದ ಪಟ್ಟಿಗೂ ಬಿದ್ದವು. ಹುಡುಗರು ಪೇಟೆ ಸೇರಿದ್ದರು, ಕುಸಿದ ಗೋಡೆ ಎತ್ತಿ ಕಟ್ಟುವ ಕೈಗಳು ಕಡಿಮೆಯಾಗಿದ್ದವು. ದುರಸ್ತಿಯ ಕೆಲಸ ನಡೆದ ಮೇಲೆ 2012ರಲ್ಲಿ ಆ ಪಟ್ಟಿಯಿಂದ ಹೊರಬಂದವು. ಪೇಟೆಗೆ ಹೋದವರೆಲ್ಲ ಮರಳಿದ್ದಾರೆ ಎಂದು ಇದರ ಅರ್ಥವಲ್ಲ.

ಮುಂದಿನ ಸಲ ಆ ಫೋಟೊ ಬಂದರೆ ಕೆಳಗಿನ ಇಸವಿ ಬಿಟ್ಟು ಗೋಡೆ ನೋಡಿ. ಪ್ರತಿ ಮಳೆಗಾಲ ಕಳೆದ ಮೇಲೆ ಯಾರೋ ಅದನ್ನು ಮತ್ತೆ ಕಟ್ಟಿದ್ದಾರೆ.