ಸೊನ್ನೆ ಗೆರೆ ನಮ್ಮೂರ ಬಾಜೂಕ ಹಾದಿತ್ತು!

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ... ಈ ಹೆಸರು ಹೇಳಿದ ಕೂಡಲೇ ಬೆಂಗಳೂರಿನ ಗೆಳೆಯರು ‘ಓ, ಅಲ್ಲಿ ಮೇಲೆ, ಮೂಲೆಯಲ್ಲಿ’ ಅಂತಾರೆ. ಮೇಲೆ ಯಾಕೆ? ಗೋಡೆಗೆ ತೂಗುಹಾಕಿದ ನಕಾಶೆಯಲ್ಲಿ ಉತ್ತರ ದಿಕ್ಕು ಮೇಲಿದೆ, ಅಷ್ಟೇ. ನಮ್ಮ ಭೀಮೆಗೂ ಕೃಷ್ಣೆಗೂ ಈ ಸುದ್ದಿ ಗೊತ್ತಿಲ್ಲ. ಅವು ಮೂಡಲಿಗೆ ಹರಿಯುತ್ತವೆ, ನೀರಿಗೆ ಅದೇ ಕೆಳಗು. 1154ರಲ್ಲಿ ಸಿಸಿಲಿಯ ದೊರೆ ಎರಡನೇ ರೋಜರ್‌ಗಾಗಿ ಅಲ್ ಇದ್ರೀಸಿ ಮಾಡಿದ ಜಗತ್ತಿನ ನಕಾಶೆಯಲ್ಲಿ ದಕ್ಷಿಣವೇ ಮೇಲಿತ್ತು. ಅದೇ ರೂಢಿ ಉಳಿದಿದ್ದರೆ ಇವತ್ತು ಬೆಂಗಳೂರಿನವರೇ ‘ಮೇಲಿನವರು’ ಆಗಿರುತ್ತಿದ್ದರು :)

‘ಮೂಲೆ’ ಅನ್ನೋದೂ ಹಾಗೇ. 1956ರ ನವೆಂಬರ್ 1ರ ಮೊದಲು ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು, ಆ ನಕಾಶೆಯಲ್ಲಿ ನಾವು ತೆಂಕಣ ಭಾಗ. ಆ ದಿನದಿಂದ ಮೈಸೂರು ರಾಜ್ಯದ ಬಡಗಣ ಅಂಚು. ಒಂದು ಹೊಲವೂ ಕದಲಲಿಲ್ಲ, ಕಾಗದ ಬದಲಾಯಿತು.

ಈಗ ಮುಖ್ಯ ಮಾತಿಗೆ ಬರ್ತೀನಿ. ನಮ್ಮ ಹಳೆಯ ಜ್ಯೋತಿಷ ಸಿದ್ಧಾಂತಗಳಲ್ಲಿ ಭೂಮಿ ಗೋಲ. ರೇಖಾಂಶದ ಲೆಕ್ಕ ಶುರುವಾಗುವ ಸೊನ್ನೆ ಗೆರೆ ಲಂಕೆಯಿಂದ ಹೊರಟು ಉಜ್ಜಯಿನಿ, ಕುರುಕ್ಷೇತ್ರ ಹಾದು ಮೇರುವಿಗೆ ಮುಟ್ಟುತ್ತಿತ್ತು. (ಈ ಲಂಕೆ ಭೂಮಧ್ಯರೇಖೆಯ ಮೇಲಿನ ಲೆಕ್ಕದ ಬಿಂದು, ಮೇರು ಎಂದರೆ ಉತ್ತರ ಧ್ರುವ.) 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯರ ಲೆಕ್ಕವೂ ಇದೇ ಗೆರೆಯದು. ಬಾಗೇವಾಡಿಯ ಬಸವಣ್ಣನವರ ಶತಮಾನವೇ ಅದು. ಭಾಸ್ಕರರ ‘ವಿಜ್ಜಡವಿಡ’ ನಮ್ಮ ವಿಜಯಪುರವೇ ಅಂತ ಕೆಲವರು, ಅಲ್ಲ ಖಾನದೇಶದ್ದು ಅಂತ ಇನ್ನು ಕೆಲವರು. ಆ ಜಗಳ ಇಲ್ಲಿ ಬೇಡ.

ಇಂದಿನ ಲೆಕ್ಕದಲ್ಲಿ ಉಜ್ಜಯಿನಿ ಇರುವುದು ಸುಮಾರು 75.8 ಡಿಗ್ರಿ ಪೂರ್ವದಲ್ಲಿ. ಅಲ್ಲಿಂದ ನೇರ ದಕ್ಷಿಣಕ್ಕೆ ಗೆರೆ ಎಳೆಯಿರಿ. ವಿಜಯಪುರ ಶಹರದ ಮೂಡಲಿಗೆ ಹತ್ತು ಕಿಲೋಮೀಟರಿನೊಳಗೇ ಹಾಯುತ್ತದೆ! ಇಂಡಿ, ಬಾಗೇವಾಡಿ ಆ ಗೆರೆಯಿಂದ 20 ಕಿ.ಮೀ. ಆಸುಪಾಸು, ಮುದ್ದೇಬಿಹಾಳ 40ರ ಹತ್ತಿರ, ಸಿಂದಗಿ 50ರ ಹತ್ತಿರ. ಪಂಚಾಂಗದವರು ಆ ಗೆರೆಗೆ ಗಣಿತ ಮಾಡಿ, ಆಮೇಲೆ ತಮ್ಮೂರಿಗೆ ‘ದೇಶಾಂತರ’ ಅಂತ ತಿದ್ದುತ್ತಿದ್ದರು. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಇಂಡಿಗೆ ಆ ತಿದ್ದುಪಡಿ ಒಂದು ನಿಮಿಷವೂ ಇಲ್ಲ. 1906ರಿಂದ ಗಡಿಯಾರ 82.5 ಡಿಗ್ರಿಯ ಗೆರೆಗೆ ನಡೆಯುತ್ತಿದೆ. ಹಾಗಾಗಿ ನಮ್ಮ ಊರಲ್ಲಿ ಸೂರ್ಯ ನೆತ್ತಿಗೆ ಬರೋದು ಸರಾಸರಿ 12 ಗಂಟೆ 26 ನಿಮಿಷಕ್ಕೆ.

ಉಜ್ಜಯಿನಿಯ ಹೆಸರು ಎಲ್ಲಿಯವರೆಗೆ ಹೋಯಿತು ನೋಡಿ. ಅರಬರು ಅದನ್ನು ‘ಉಜೈನ್’ ಅಂತ ಬರೆದರು. ಅರಬ್ಬಿ ಲಿಪಿಯಲ್ಲಿ ಒಂದು ಚುಕ್ಕೆ ಬಿಟ್ಟುಹೋಗಿ ‘ಜ’ ಇದ್ದದ್ದು ‘ರ’ ಆಯಿತು, ಊರು ‘ಅರೀನ್’ ಆಯಿತು. ಯುರೋಪಿನ ಪಂಡಿತರು ಅರೀನ್ ಭೂಮಿಯ ನಡುಬಿಂದು ಅಂತ ನಂಬಿದರು. 1498ರ ಪ್ರಯಾಣದ ಬಗ್ಗೆ ಕೊಲಂಬಸ್ ಬರೆದ ಪತ್ರದಲ್ಲೂ ಆ ಹೆಸರಿದೆ.

1884ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ ಸಭೆಯಲ್ಲಿ 22 ದೇಶಗಳು ಗ್ರೀನಿಚ್ ಪರ ಮತ ಹಾಕಿದವು. ಒಂದು ವಿರೋಧ, ಎರಡು ತಟಸ್ಥ. ಆಗಲೇ ಬಹುಪಾಲು ಹಡಗುಗಳು ಗ್ರೀನಿಚ್ ನಕಾಶೆ ಬಳಸುತ್ತಿದ್ದವು, ಅದೇ ಕಾರಣ. ಸೊನ್ನೆಯ ಮಗ್ಗುಲಲ್ಲಿದ್ದ ನಾವು ‘76 ಡಿಗ್ರಿ ಪೂರ್ವ’ ಆದೆವು.

ಉಜ್ಜಯಿನಿಯನ್ನು ವಾಪಸ್ ತನ್ನಿ ಅಂತ ನಾನು ಹೇಳ್ತಿಲ್ಲ. ಅದೂ ಯಾರೋ ತಮ್ಮ ಅನುಕೂಲಕ್ಕೆ ಎಳೆದ ಗೆರೆಯೇ. ಮರ್ಕೇಟರ್ 1569ರಲ್ಲಿ ನಕಾಶೆ ಮಾಡಿದ್ದು ಹಡಗಿನವರಿಗೆ ದಿಕ್ಕು ತಪ್ಪಬಾರದು ಅಂತ. ಅದನ್ನು ಶಾಲೆಯ ಗೋಡೆಗೆ ಹಾಕಿದಾಗ, ಗ್ರೀನ್‌ಲ್ಯಾಂಡಿನ 14 ಪಟ್ಟು ದೊಡ್ಡದಾದ ಆಫ್ರಿಕಾ ಅದರ ಸಮಾನ ಕಂಡಿತು. ನಕಾಶೆ ಯಾರಿಗಾಗಿ ಬರೆದದ್ದು ಅನ್ನೋದನ್ನ ಮರೆತಾಗಲೇ ತೊಂದರೆ.

ನಮ್ಮಲ್ಲಿ ಆಗಿರೋದೂ ಅದೇ. ಇಲ್ಲಿಗೆ ವರ್ಗವಾದ ನೌಕರರು ಶಿಕ್ಷೆ ಅಂತ ಮುಖ ಸಣ್ಣ ಮಾಡ್ತಾರೆ. ಅದಕ್ಕಿಂತ ಬೇಸರದ ಸಂಗತಿ, ನಮ್ಮ ಹುಡುಗರೇ ‘ನಮ್ದೇನ್ರಿ, ಮೂಲ್ಯಾಗಿನ ಊರು’ ಅನ್ನೋದು. ಗೋಲದ ಮೇಲೆ ಮೂಲೆ ಎಲ್ಲಿಂದ ಬರಬೇಕು?

ಈ ಅಕ್ಷಾಂಶದಲ್ಲಿ ಒಂದು ಡಿಗ್ರಿಗೆ ಸುಮಾರು 106 ಕಿ.ಮೀ. ನಿಮ್ಮೂರು ಉಜ್ಜಯಿನಿ ಗೆರೆಗೆ ಎಷ್ಟು ದೂರ? ಲೆಕ್ಕ ಹಾಕಿ ಹೇಳ್ರಿ.