ವಿಚ್ಛೇದನ ಮತ್ತು ಮಧ್ಯಸ್ಥಿಕೆ: ನಡೆದು ಬಂದ ದಾರಿ

ದಂಪತಿಗಳಲ್ಲಿ ವಿರಸ ಮೂಡಿದಾಗ ಹಿರಿಯರು ಕುಳಿತು ಬುದ್ಧಿ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ಹೇಗಾದರೂ ಒಂದುಗೂಡಿಸುವುದೇ ಅದರ ಗುರಿ. ಜೈನರಿಗೂ ಅನ್ವಯಿಸುವ 1955ರ ಹಿಂದೂ ವಿವಾಹ ಕಾಯಿದೆಯೂ ನ್ಯಾಯಾಲಯವು ಮೊದಲು ರಾಜಿಗೆ ಯತ್ನಿಸಬೇಕೆಂದು ವಿಧಿಸಿತು. 1976ರ ತಿದ್ದುಪಡಿಯು ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆ ಎಡೆಮಾಡಿತು. ಒಬ್ಬರ ಮೇಲೊಬ್ಬರು ದೋಷ ಹೊರಿಸದೆ ಅಗಲುವುದು ಸಾಧ್ಯವಾಯಿತು. 1984ರಲ್ಲಿ ಕೌಟುಂಬಿಕ ನ್ಯಾಯಾಲಯಗಳ ಕಾಯಿದೆ ಬಂದಿತು. 2007ರಲ್ಲಿ ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರವು ಆರಂಭವಾಯಿತು. ಇತ್ಯರ್ಥವಾಗಬಹುದಾದ ವೈವಾಹಿಕ ವ್ಯಾಜ್ಯಗಳನ್ನು ಆದಷ್ಟು ಬೇಗ ಮಧ್ಯಸ್ಥಿಕೆಗೆ ಒಪ್ಪಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಸೂಚಿಸಿತು.

ಮಧ್ಯಸ್ಥನು ತೀರ್ಪು ಕೊಡುವವನಲ್ಲ. ಯಾರ ಕಡೆಯವನೂ ಅಲ್ಲ. ಅಲ್ಲಿ ಆಡಿದ ಮಾತು ಗೋಪ್ಯ. ಅದನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಜೀವನಾಂಶ, ಸ್ತ್ರೀಧನ, ಮಕ್ಕಳ ಪಾಲನೆಗಳನ್ನು ಇಬ್ಬರೂ ಕೂಡಿಯೇ ನಿರ್ಧರಿಸುತ್ತಾರೆ. ಒಪ್ಪಂದವಾದರೂ ವಿಚ್ಛೇದನದ ಆಜ್ಞೆಯನ್ನು ನ್ಯಾಯಾಲಯವೇ ನೀಡಬೇಕು.

ಬೆದರಿಕೆ, ಹಿಂಸೆಗಳಿರುವಲ್ಲಿ ಮಾತ್ರ ಎಚ್ಚರ ಬೇಕು: ಅಂಜಿ ಕೊಟ್ಟ ಒಪ್ಪಿಗೆ ಒಪ್ಪಿಗೆಯಲ್ಲ. ಕುಲದ ಮರ್ಯಾದೆಗಾಗಿ ನೊಂದವರನ್ನು ಸುಮ್ಮನಾಗಿಸುವುದು ಅಹಿಂಸೆಯಾಗಲಾರದು. ಕೂಡಿಸುವುದು ಸಾಧ್ಯವಾಗದಾಗ, ದ್ವೇಷವಿಲ್ಲದೆ ಅಗಲಲು ನೆರವಾಗುವುದೂ ಹಿರಿಯರ ಧರ್ಮವೇ ಸರಿ.